ಮೇಜುಬಟ್ಟೆ ಉಟ್ಟ ರೋಮನರು

ಬಟ್ಟೆಗಳ ನಡುವೆ ಬದುಕುವವನು ಪೇಚಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಒಗೆಯಲಿಕ್ಕೆ ಬಂದು ಬೀಳುತ್ತವೆ. ದುಬೈಯ ದೇರಾದಲ್ಲಿ, ನೈಫ್ ಸೂಕ್ ಎಂಬ ಪೇಟೆಗೆ ನಡೆದು ಹೋಗುವಷ್ಟು ಹತ್ತಿರದ ಒಂದು ದೊಡ್ಡ ಹೋಟೆಲಿನಲ್ಲಿ ನಾನು ಲಿನನ್ ರೂಮಿನ ಉಸ್ತುವಾರಿ ನೋಡುತ್ತಿದ್ದೆ. ಹಾಸಿಗೆಯ ಚಾದರ, ಟವೆಲು, ಮೇಜುಬಟ್ಟೆ, ನೌಕರರ ಸಮವಸ್ತ್ರ ಎಲ್ಲವೂ ನನ್ನ ಕೈಯಿಂದ ಹೊರಟು ನನ್ನ ಕೈಗೇ ಬರಬೇಕು. ಮೇಲೆ ಸೂಟು ಹಾಕಿ ಮೆರೆಯುವವರು ಕೆಳಗೆ ಯಾವ ಬಣ್ಣದ ತೂತು ಕಾಲುಚೀಲ ಹಾಕುತ್ತಾರೆ ಅಂತ ತಿಳಿದ ಮನುಷ್ಯ ನಾನು. ಹಾಗಾಗಿ ಈ ಲೋಕದಲ್ಲಿ ಯಾರಿಗೂ ಹೆದರುವುದಿಲ್ಲ.

ಕೆಳಗೆ ಹೇಳುವುದೆಲ್ಲ ನಡೆದದ್ದೇ. ಸ್ವಲ್ಪ ಉಪ್ಪು ಖಾರ ನನ್ನದಿರಬಹುದು. ಉಪ್ಪು ಖಾರ ಇಲ್ಲದೆ ಬಡಿಸಿದರೆ ನೀವಾದರೂ ಉಣ್ಣುತ್ತೀರಾ?

ಅರ್ಧಚಂದ್ರ

ನಮ್ಮ ಹೋಟೆಲಿನ ಜನರಲ್ ಮ್ಯಾನೇಜರ್, ಅಂದರೆ ಜೀಎಂ, ಯಾವುದೋ ತಣ್ಣನೆಯ ದೇಶದವರು. ಒಳ್ಳೆಯ ಮನುಷ್ಯ, ಆದರೆ ತಲೆಯೊಳಗೆ ಐಡಿಯಾಗಳ ಉಪದ್ರ. ಒಂದು ದಿನ ಎಲ್ಲರನ್ನೂ ಕರೆದು ಹಾಲ್‌ನಲ್ಲಿ 'ರೋಮನ್ ನೈಟ್' ಮಾಡುವುದಾಗಿ ಘೋಷಿಸಿದರು. ಬರುವ ಗಂಡಸರೆಲ್ಲ ಹಳೆಯ ಕಾಲದ ರೋಮನ್ ಗಣ್ಯರ ಹಾಗೆ ಟೋಗಾ ಉಟ್ಟು ಊಟಕ್ಕೆ ಕೂರಬೇಕು. ಅಬುಧಾಬಿಯಿಂದ ಅರ್ಬಾಬ್ ಕೂಡ ಬರುತ್ತಾರೆ. ಅರ್ಬಾಬ್ ಅಂದರೆ ಹೋಟೆಲಿನ ಯಜಮಾನರು, ಈ ದೇಶದ ಹಿರಿಯರು, ಇಡೀ ಕಟ್ಟಡವೇ ಅವರದ್ದು. ಎಲ್ಲ ಸರಿಹೋದರೆ ಬ್ಯಾಂಕ್ವೆಟ್ ಮ್ಯಾನೇಜರನ, ಅಂದರೆ ಇಡೀ ಹಾಲ್ ನೋಡಿಕೊಳ್ಳುವವನ, ಖಾಲಿ ಹುದ್ದೆ ನಮ್ಮ ಕ್ಯಾಪ್ಟನ್‌ಗೆ ಎಂದು ಜೀಎಂ ಅಲ್ಲೇ ಹೇಳಿಬಿಟ್ಟರು. ಕೆಟ್ಟರೆ ಏನು ಅಂತ ಹೇಳಲಿಲ್ಲ. ಅದನ್ನು ಹೇಳಬೇಕಾಗಿಯೂ ಇರಲಿಲ್ಲ.

ಕ್ಯಾಪ್ಟನ್ ಅಂದರೆ ಹಡಗಿನವನಲ್ಲ, ಮದುವೆ ಪಾರ್ಟಿಗಳ ಹಾಲ್‌ನಲ್ಲಿ ವೇಟರುಗಳ ಮೇಲಿನವನು. ಕಾಪು ಕಡೆಯವ, ನನಗಿಂತ ಚಿಕ್ಕವ, ನನ್ನನ್ನು ಅಣ್ಣ ಅಂತಲೇ ಕರೆಯುವುದು. ಅಲ್ ಕೂಜ್‌ನ ಸ್ಟಾಫ್ ರೂಮಿನಲ್ಲಿ ಅವನ ಮಂಚದ ಕೆಳಗೆ ನನ್ನ ಮಂಚ. ಅವನಿಗೆ ಈ ಹುದ್ದೆ ಬೇಕಾಗಿದ್ದದ್ದು ಕೋಟು ಟೈಗಾಗಿ ಅಲ್ಲ. ಮ್ಯಾನೇಜರ್ ಆದರೆ ಫ್ಯಾಮಿಲಿ ವೀಸಾ ಸಿಗುತ್ತದೆ, ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದು. ಹಿಂದಿನ ರಜೆಯಲ್ಲಿ ಊರಿಗೆ ಹೋದಾಗ ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಫೋನಿನ ಮಾಮ ಬಂದಿದ್ದಾರೆ" ಅಂದಳಂತೆ. ಅದನ್ನು ನನಗೆ ಹೇಳಿದ ರಾತ್ರಿ ಅವ ಮೇಲಿನ ಮಂಚದಲ್ಲಿ ಹೊರಳಿದ್ದು ಕೆಳಗೆ ನನಗೆ ಕೇಳುತ್ತಿತ್ತು. ನಾನು ಸಮಾಧಾನಕ್ಕೆ, "ಮಾಮ ಅಂದದ್ದು ತಾನೇ ಮಾರಾಯ, ಅಜ್ಜ ಅನ್ನಲಿಲ್ಲವಲ್ಲ" ಅಂದೆ. ತಲೆದಿಂಬು ಬಂದು ಮುಖಕ್ಕೆ ಬಿತ್ತು.

ಈಗ ಟೋಗಾ ಅಂದರೆ ಎಂಥದ್ದು ಅಂತ ಇಬ್ಬರೂ ಕೂತು ಮೊಬೈಲಿನಲ್ಲಿ ನೋಡಿದೆವು. ಹೊಲಿಗೆ ಇಲ್ಲ, ಗುಂಡಿ ಇಲ್ಲ, ಪಿನ್ನು ಇಲ್ಲ. ಅರ್ಧಚಂದ್ರನ ಆಕಾರದ ಬೃಹತ್ ಬಿಳಿ ಬಟ್ಟೆ. ಎಡ ಹೆಗಲಿನಿಂದ ಹೊರಟು, ಬೆನ್ನು ಸುತ್ತಿ, ಬಲ ಕಂಕುಳಿನ ಕೆಳಗೆ ಬಂದು, ಮತ್ತೆ ಎಡ ಹೆಗಲಿಗೇ ಏರಬೇಕು. ಆ ಊರಿನ ಪೌರರಿಗೆ ಮಾತ್ರ ಉಡುವ ಹಕ್ಕು, ಹೊರಗಿನಿಂದ ಬಂದವರಿಗೆ ಇಲ್ಲವಂತೆ. "ನೋಡು, ಬಟ್ಟೆಗೂ ವೀಸಾ ಉಂಟು" ಅಂದೆ. ಅವನಿಗೆ ನಗು ಬರಲಿಲ್ಲ. ಅಷ್ಟು ದೊಡ್ಡ ಅರ್ಧಚಂದ್ರಗಳನ್ನು ಎಲ್ಲಿಂದ ತರುವುದು ಅಂತ ಅವನ ಚಿಂತೆ. ನೈಫ್‌ನ ಅಂಗಡಿಗಳಲ್ಲಿ ಕೇಳಿದರೆ ಅರ್ಧಚಂದ್ರ ಅಂದ ಕೂಡಲೇ ಅವರು ಮಸೀದಿಯ ಗೋಪುರದ ಕಡೆ ಬೆರಳು ತೋರಿಸುತ್ತಿದ್ದರು.

ಆಗ ನನ್ನ ಲಿನನ್ ರೂಮಿನ ಕಪಾಟು ನೆನಪಾಯಿತು. ಹಾಲ್‌ನ ದುಂಡು ಮೇಜುಗಳಿಗೆ ಹಾಕುವ ದುಂಡು ಬಟ್ಟೆಗಳು, ನೆಲ ಮುಟ್ಟುವಷ್ಟು ದೊಡ್ಡವು, ಅಂಚು ಸವೆದದ್ದಕ್ಕೆ ಮೂಲೆಗೆ ಹಾಕಿದವು. ನಡುವೆ ಕತ್ತರಿಸಿದರೆ ಒಂದರಿಂದ ಇಬ್ಬರು ರೋಮನರು. ಜೀಎಂಗೆ ಒಂದನ್ನು ಒಯ್ದು ತೋರಿಸಿದೆ. ಅವರು ಮುಟ್ಟಿ, ಮೂಸಿ, ಕಣ್ಣರಳಿಸಿ, ಇದು ಇಟಲಿಯಿಂದ ತರಿಸಿದ್ದಾ ಅಂತ ಕೇಳಿದರು. ನಾನು ಹೌದು ಅಂದೆ. ಅದರ ಮೇಲೆ ಯಾವುದೋ ಹಳೆಯ ಮದುವೆಯ ಬಿರಿಯಾನಿಯ ವಾಸನೆ ಇನ್ನೂ ಇತ್ತು.

ಎಡಗೈ

ಮೊದಲು ವೇಟರುಗಳಿಗೂ ಟೋಗಾ ಉಡಿಸುವುದು ಅಂತ ತೀರ್ಮಾನವಾಗಿತ್ತು. ತರಬೇತಿಗೆ ಎಲ್ಲರನ್ನೂ ಹಾಲ್‌ನಲ್ಲಿ ನಿಲ್ಲಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ಅರ್ಧಚಂದ್ರ ಕೊಟ್ಟು, ಉಡುವ ಕ್ರಮ ಹೇಳಿದೆ. ಹೇಳಿ ಒಂದು ಚಾ ಕುಡಿದು ಬರುವಷ್ಟರಲ್ಲಿ ಪ್ರತಿಯೊಬ್ಬನೂ ಅವನವನ ಊರಿಗೆ ಹೋಗಿಬಿಟ್ಟಿದ್ದ. ಮಲಬಾರಿನವರು ಸೊಂಟಕ್ಕೆ ಸುತ್ತಿ ಮೊಣಕಾಲಿನವರೆಗೆ ಮಡಚಿ ಕಟ್ಟಿ, ಚಾ ಅಂಗಡಿಯ ಎದುರು ನಿಂತವರ ಹಾಗೆ ನಿಂತಿದ್ದರು. ಬಂಗಾಳದವನೊಬ್ಬ ನೆರಿಗೆ ಹಿಡಿದು ಅಚ್ಚುಕಟ್ಟಾಗಿ ಧೋತಿ ಮಾಡಿಕೊಂಡಿದ್ದ. ನಮ್ಮ ಕ್ಯಾಪ್ಟನ್ ಸ್ವತಃ ಕಚ್ಚೆ ಹಾಕಿ, ಉಳಿದದ್ದನ್ನು ಹೆಗಲಿಗೆ ಹೊದ್ದು, ಇನ್ನೇನು ಪಂಕ್ತಿಗೆ ಪಾಯಸ ತರುತ್ತಾನೆ ಎಂಬ ಭಂಗಿಯಲ್ಲಿದ್ದ. ಅಷ್ಟರಲ್ಲಿ ಬಂದ ಜೀಎಂ ಬಾಗಿಲಲ್ಲೇ ನಿಂತು, ಇದು ಯಾವ ದೇಶದ ರೋಮು ಅಂತ ಕೇಳಿದರು.

ಎಲ್ಲ ಬಿಚ್ಚಿಸಿ ಸರಿಯಾಗಿ ಉಡಿಸಿದ್ದಾಯಿತು. ನೋಡಲಿಕ್ಕೆ ಚಂದವೇ ಕಂಡಿತು. ಟ್ರೇ ಎತ್ತಿ ಅಂದಾಗ ಗೊತ್ತಾಯಿತು ಕತೆ. ವೇಟರ್ ಟ್ರೇ ಹಿಡಿಯುವುದು ಎಡಗೈಯಲ್ಲಿ, ಬಡಿಸುವುದು ಬಲಗೈಯಲ್ಲಿ. ಟೋಗಾ ಉಟ್ಟವನ ಎಡಗೈ ಇಡೀ ಹೊತ್ತು ಬಟ್ಟೆಯ ರಾಶಿಯನ್ನು ಎತ್ತಿ ಹಿಡಿದಿರಬೇಕು, ಬಿಟ್ಟರೆ ಎಲ್ಲವೂ ಜಾರುತ್ತದೆ. ಟ್ರೇ ಹಿಡಿದರೆ ಮಾನ ಹೋಗುತ್ತದೆ, ಮಾನ ಹಿಡಿದರೆ ಟ್ರೇ ಹೋಗುತ್ತದೆ. ಮಲಬಾರಿನವರಲ್ಲಿ ಒಬ್ಬ ಎರಡನ್ನೂ ಹಿಡಿಯಲು ಹೋಗಿ ಎರಡನ್ನೂ ಬಿಟ್ಟ.

ಆಗ ನನಗೆ ಜ್ಞಾನೋದಯವಾಯಿತು. ಇದು ಕೆಲಸ ಮಾಡುವವರ ಬಟ್ಟೆಯೇ ಅಲ್ಲ. ನನಗೆ ಕೆಲಸ ಇಲ್ಲ ಅಂತ ಊರಿಗೆಲ್ಲ ಸಾರಲಿಕ್ಕೆ ಮಾಡಿದ ಬಟ್ಟೆ. ವೇಟರುಗಳಿಗೆ ಮೊಣಕಾಲುದ್ದದ ಅಂಗಿ ಹೊಲಿಸಿ, ಟೋಗಾ ಅತಿಥಿಗಳಿಗೂ ಜೀಎಂಗೂ ಕ್ಯಾಪ್ಟನ್‌ಗೂ ಮಾತ್ರ ಅಂತ ಮಾಡಿದೆವು. ಕ್ಯಾಪ್ಟನ್‌ಗೆ ಯಾಕೆ ಅಂತ ಜೀಎಂ ಕೇಳಿದರು. ಅವನ ಎರಡೂ ಕೈ ಯಾವಾಗಲೂ ಖಾಲಿಯೇ ಇರುತ್ತದಲ್ಲ ಸಾರ್, ಅಂದೆ. ಅವರು ಒಪ್ಪಿಕೊಂಡರು.

ಹುದ್ದೆಗೆ ನಿಂತವನು

ರೋಮಿನಲ್ಲಿ ಹುದ್ದೆಗೆ ನಿಲ್ಲುವವರು ಟೋಗಾಕ್ಕೆ ಸೀಮೆಸುಣ್ಣ ಉಜ್ಜಿ ಇನ್ನೂ ಬೆಳ್ಳಗೆ ಮಾಡಿಕೊಳ್ಳುತ್ತಿದ್ದರಂತೆ, ನೂರು ಜನರಲ್ಲೂ ಎದ್ದು ಕಾಣಲಿ ಅಂತ. ಇದು ನಾನು ಕಟ್ಟಿದ್ದಲ್ಲ, ಮೊಬೈಲಿನಲ್ಲೇ ಇತ್ತು. ಓದಿದ್ದನ್ನು ಸುಮ್ಮನೆ ಕ್ಯಾಪ್ಟನ್ ಕಿವಿಗೆ ಹಾಕಿದೆ. ಹಾಕಿ ಮರೆತೂ ಬಿಟ್ಟೆ. ಮರೆಯುವ ಮೊದಲು ದರ್ಜಿಯ ಸೀಮೆಸುಣ್ಣದ ಡಬ್ಬಿಯನ್ನು ಅವನ ಕಣ್ಣಿಗೆ ಬೀಳುವಲ್ಲಿ ಇಟ್ಟಿದ್ದೆ ಎಂಬ ಆರೋಪ ಉಂಟು. ಡಬ್ಬಿ ಎಲ್ಲಾದರೂ ಇರಲೇಬೇಕಲ್ಲ.

ರಿಹರ್ಸಲ್ ದಿನ ಕ್ಯಾಪ್ಟನ್ ಹಾಲ್‌ಗೆ ಬಂದ. ಟ್ಯೂಬ್‌ಲೈಟು ನಡೆದು ಬಂದ ಹಾಗಿತ್ತು. ಜೀಎಂ ಅವತ್ತು ಕಪ್ಪು ಸೂಟಿನಲ್ಲಿದ್ದರು. ಇವ ಉತ್ಸಾಹದಲ್ಲಿ ಅವರ ಹಿಂದೆ ಮುಂದೆ ಸುಳಿದು, ಕುರ್ಚಿ ಎಳೆದುಕೊಟ್ಟು, ಬೆನ್ನಿಗೆ ಕೈಯಿಟ್ಟು ದಾರಿ ತೋರಿಸಿ, ಎಲ್ಲ ವಿವರಿಸಿದ. ಜೀಎಂ ಬಹಳ ಮೆಚ್ಚಿ ಮೀಟಿಂಗಿಗೆ ಹೋದರು. ಹಿಂದಿನಿಂದ ನೋಡಿದರೆ ಸೂಟಿನ ಮೇಲೆ ಐದೂ ಬೆರಳು ಮೂಡಿದ ಬಿಳಿ ಅಂಗೈ, ಗೃಹಪ್ರವೇಶದ ಬಾಗಿಲಿನಲ್ಲಿ ಇರುವ ಹಾಗೆ. ಕ್ಯಾಪ್ಟನ್ ಕಂಬಕ್ಕೆ ಒರಗಿ ನಿಂತ. ಕಂಬವೂ ಬೆಳ್ಳಗಾಯಿತು.

"ಅಣ್ಣ, ಹೋಯ್ತು. ನನ್ನ ವೀಸಾ ಅವರ ಬೆನ್ನ ಮೇಲೆ ಹೋಯ್ತು" ಅಂದ.

ಸಂಜೆ ಸೂಟು ಒಗೆಯಲಿಕ್ಕೆ ನನ್ನ ಹತ್ತಿರವೇ ಬಂತು, ಹಿಂದೆಯೇ ಜೀಎಂ ಬಂದರು. ಇದು ಯಾರ ಕೈ ಅಂತ ಪ್ರಶ್ನೆ. ಹಾಲ್‌ನಲ್ಲಿ ಪೇಂಟಿಂಗ್ ನಡೆಯುತ್ತಿದೆ ಸಾರ್, ಗೋಡೆಗೆ ಒರಗಿರಬೇಕು, ಅಂದೆ. ಗೋಡೆಗೆ ಬೆರಳು ಎಲ್ಲಿಂದ ಬಂತು ಅಂತ ಕೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ನೇರ ಮೇಂಟೆನೆನ್ಸ್ ವಿಭಾಗಕ್ಕೆ ಫೋನ್ ಮಾಡಿ, ನನಗೆ ತಿಳಿಸದೆ ಪೇಂಟ್ ಯಾಕೆ ಹೊಡೆದಿರಿ, ಬೇಗ ಮುಗಿಸಿ ಅಂತ ಬೈದರು. ಬೈಸಿಕೊಂಡ ಮೇಲೆ ಅವರಿಗೆ ಬೇರೆ ದಾರಿ ಇರಲಿಲ್ಲ. ಮಾರನೇ ದಿನ ಇಡೀ ಹಾಲ್‌ಗೆ ಹೊಸ ಪೇಂಟ್ ಬಂತು.

ಮೆಲ್ಲಗೆ ಹೋದ ಟ್ಯಾಕ್ಸಿ

ಇದು ನಾನು ಕಣ್ಣಾರೆ ಕಂಡದ್ದಲ್ಲ, ಕ್ಯಾಪ್ಟನ್ ಹೇಳಿದ್ದು. ಹಾಗಾಗಿ ಇದರಲ್ಲಿ ಸುಳ್ಳು ಇರಲಿಕ್ಕಿಲ್ಲ.

ಏರ್‌ಪೋರ್ಟ್ ಹತ್ತಿರದ ಇನ್ನೊಂದು ಹೋಟೆಲಿನಲ್ಲಿ ಮೀಟಿಂಗಿಗೆ ಹೋಗಿದ್ದ ಜೀಎಂ, ಟೋಗಾವನ್ನು ಅಲ್ಲಿಯವರಿಗೆ ತೋರಿಸಬೇಕು, ತಕ್ಷಣ ಉಟ್ಟು ಬಾ ಎಂದು ಕ್ಯಾಪ್ಟನ್‌ಗೆ ಫೋನ್ ಮಾಡಿದರು. ಅಲ್ಲಿ ಹೋಗಿ ಉಡಲಿಕ್ಕೆ ಅವನೊಬ್ಬನಿಂದ ಆಗುವುದಿಲ್ಲ, ಇನ್ನೊಬ್ಬರು ಉಡಿಸಲೇಬೇಕು. ಒಗೆದು ಸುಣ್ಣ ತೆಗೆದ ಟೋಗಾ ಇಲ್ಲೇ ಉಡಿಸಿ, ರಸ್ತೆಗೆ ಕರೆದು ತಂದು, ಟ್ಯಾಕ್ಸಿಗೆ ಹತ್ತಿಸಿ ಕಳಿಸಿದೆ. ಹೋಟೆಲಿನ ವ್ಯಾನ್ ಖಾಲಿ ಇತ್ತೋ ಇಲ್ಲವೋ ನೆನಪಿಲ್ಲ.

ಡ್ರೈವರ್ ಪೇಶಾವರ ಕಡೆಯ ದೊಡ್ಡ ಆಳು. ಕನ್ನಡಿಯಲ್ಲಿ ನೋಡಿದ. ಹೊಲಿಗೆ ಇಲ್ಲದ ಬಿಳಿ ಬಟ್ಟೆ, ಎಡ ಹೆಗಲು ಮುಚ್ಚಿದೆ, ಬಲ ತೋಳು ಹೊರಗೆ, ಹೋಗುವುದು ಏರ್‌ಪೋರ್ಟ್ ಕಡೆ. ಉಮ್ರಾ ಯಾತ್ರೆಗೆ ಮಕ್ಕಾಕ್ಕೆ ಹೊರಟವರು ಉಡುವುದೂ ಹೆಚ್ಚುಕಡಿಮೆ ಹೀಗೆಯೇ. ಡ್ರೈವರ್ ಮಾತಾಡದೆ ಹಾಡು ಬಂದ್ ಮಾಡಿದ. ನೆಟ್ಟಗೆ ಕೂತ. ಆಮೇಲೆ ದುಬೈಯಲ್ಲಿ ಯಾರೂ ಕಾಣದ ಒಂದು ದೃಶ್ಯ ನಡೆಯಿತು, ಟ್ಯಾಕ್ಸಿ ಮೆಲ್ಲಗೆ ಹೋಯಿತು. ಹಿಂದಿನವರು ಹಾರ್ನ್ ಹೊಡೆದರೂ ಬೈಯಲಿಲ್ಲ. ಅತ್ತ ಜೀಎಂ ಕಾಯುತ್ತಿದ್ದಾರೆ, ಇತ್ತ ಕ್ಯಾಪ್ಟನ್ ಹಿಂದಿನ ಸೀಟಿನಲ್ಲಿ ಬೆವರುತ್ತಿದ್ದಾನೆ. ಅವಸರ ಮಾಡು ಅನ್ನೋಣ ಅಂದರೆ, ಅಷ್ಟು ಭಕ್ತಿಯಿಂದ ಓಡಿಸುವವನಿಗೆ ಹೇಗೆ ಹೇಳುವುದು?

ಇಳಿಯುವಾಗ ಡ್ರೈವರ್ ಬಾಗಿಲು ತೆರೆದು, ಹೆಂಡತಿಯ ಮುಖ ನೋಡದೆ ಬಹಳ ಕಾಲವಾಯಿತು, ಬೇಗ ರಜೆ ಸಿಗಲಿ ಅಂತ ನನಗೂ ಒಂದು ಪ್ರಾರ್ಥನೆ ಮಾಡಿ ಭಾಯಿ, ಅಂದ. ಕ್ಯಾಪ್ಟನ್‌ಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಖಂಡಿತ ಮಾಡುತ್ತೇನೆ ಎಂದು ಮಾತು ಕೊಟ್ಟ. ತಡ ಮಾಡಿದ್ದಕ್ಕೆ ಜೀಎಂ ಹತ್ತಿರ ಬೈಸಿಕೊಂಡು, ಶುಕ್ರವಾರ ಬರ್ ದುಬೈಯ ದೇವಸ್ಥಾನಕ್ಕೆ ಹೋಗಿ, ಕಣ್ಣು ಮುಚ್ಚಿ ಮಾತು ಉಳಿಸಿಕೊಂಡ.

"ಯಾವ ದೇವರಿಗೆ ಅಂತ ಅವ ಕೇಳಲಿಲ್ಲ ಅಣ್ಣ, ನಾನೂ ಹೇಳಲಿಲ್ಲ."

ಕಲೆ

ಕೊನೆಗೂ ಆ ರಾತ್ರಿ ಬಂತು. ಬೆಳಿಗ್ಗೆಯೇ ಊರಿನಿಂದ ಕ್ಯಾಪ್ಟನ್ ಹೆಂಡತಿಯ ಫೋನ್. ಏನು ಹೇಳಿದಳು ಅಂತ ಕೇಳಿದೆ. ಮಗಳಿಗೆ ಶಾಲೆ ಇಲ್ಲಿ ನೋಡುವುದೋ ಅಲ್ಲಿ ನೋಡುವುದೋ, ಇವತ್ತು ರಾತ್ರಿ ಹೇಳಿಬಿಡಿ ಅಂದಳಂತೆ. ಅವನಿಗೆ ಟೋಗಾ ಉಡಿಸುವಾಗ ನಾನು ಯಾವ ಕಿತಾಪತಿಯನ್ನೂ ಮಾಡಲಿಲ್ಲ, ದೇವರಾಣೆ.

ಕಿತಾಪತಿ, ಅದನ್ನು ಹಾಗೆ ಕರೆಯುವುದಾದರೆ, ಜೀಎಂ ಅವರಿಗೆ ಉಡಿಸುವಾಗ ಆಯಿತು. ಮೇಜುಬಟ್ಟೆ ನುಣುಪು, ಜೀಎಂ ಹೊಟ್ಟೆ ಇಳಿಜಾರು. ಎಷ್ಟು ಸುತ್ತಿದರೂ ಜಾರುತ್ತಿತ್ತು. ಒಳಗೆ ಹಾಕುವ ಅಂಗಿ ಅವರಿಗೆ ಹಿಡಿಸಲಿಲ್ಲ, ಬರೀ ಬನಿಯನ್ನು ಚಡ್ಡಿಯಲ್ಲಿ ನಿಂತಿದ್ದರು. ನನ್ನ ಕಪಾಟಿನಲ್ಲಿ ನನ್ನದೇ ಒಂದು ಲುಂಗಿ ಇತ್ತು, ನೀಲಿ ಚೌಕುಳಿಯದ್ದು, ಊರಿನಿಂದ ತಂದದ್ದು. ಅದನ್ನು ಅವರ ಸೊಂಟಕ್ಕೆ ಬಿಗಿದು, ನಮ್ಮ ಮೀನುಗಾರರು ಹಾಕುವ ಗಂಟು ಹಾಕಿ, ಅದರ ಒರಟಿಗೆ ಸಿಕ್ಕಿಸಿ ಮೇಲೆ ಟೋಗಾ ಸುತ್ತಿದೆ. ನಿಂತಿತು. ಹಳೆಯ ರೋಮನರೂ ಒಳಗೆ ಇದನ್ನೇ ಉಡುತ್ತಿದ್ದರಾ ಅಂತ ಕೇಳಿದರು. ದೊಡ್ಡವರೆಲ್ಲ ಇದನ್ನೇ ಸಾರ್, ಅಂದೆ.

ಹಾಲ್ ತುಂಬ ಮಂದ ದೀಪ. ಮೇಜಿನ ಮೇಲೂ ಅದೇ ಬಿಳಿ ಬಟ್ಟೆ, ಕೂತವರ ಮೈ ಮೇಲೂ ಅದೇ ಬಿಳಿ ಬಟ್ಟೆ. ದೂರದಿಂದ ಯಾವುದು ಮೇಜು, ಯಾರು ಅತಿಥಿ ಅಂತ ಗೊತ್ತಾಗುತ್ತಿರಲಿಲ್ಲ. ಅಲ್ಲಾಡದವು ಮೇಜು ಅಂತ ಲೆಕ್ಕ. ಅರ್ಬಾಬ್ ಮಾತ್ರ ತಮ್ಮ ಕಂದೂರಾದಲ್ಲೇ, ಅಂದರೆ ಈ ದೇಶದವರು ಹಾಕುವ ಪಾದದವರೆಗಿನ ಬಿಳಿ ಅಂಗಿಯಲ್ಲೇ, ಬಂದರು. ಟೋಗಾ ತೋರಿಸಿದರೆ, ಬಿಳಿ ಬಟ್ಟೆ ನನ್ನ ಹತ್ತಿರ ಬೇಕಾದಷ್ಟಿದೆ ಅಂತ ನಕ್ಕು ಜೀಎಂ ಪಕ್ಕದಲ್ಲಿ ಕೂತರು. ಬಾಗಿಲ ಹತ್ತಿರ ನಾನು, ನನ್ನ ಪಕ್ಕ ಎಡಗೈಯಲ್ಲಿ ಟೋಗಾ ಎತ್ತಿ ಹಿಡಿದ ಕ್ಯಾಪ್ಟನ್. ಊಟ ಅರ್ಧ ಮುಗಿದಿತ್ತು. ಕ್ಯಾಪ್ಟನ್ ಉಸಿರು ಸ್ವಲ್ಪ ಸಡಿಲ ಬಿಟ್ಟ.

ಈಗ ಜೀಎಂ ಅವರ ಒಂದು ನಿಯಮದ ಬಗ್ಗೆ ಹೇಳಬೇಕು. ನಮ್ಮ ಹಾಲ್‌ನಲ್ಲಿ ಕಲೆ ಬಿದ್ದ ಬಟ್ಟೆ ಅತಿಥಿಯ ಕಣ್ಣಿಗೆ ಬೀಳುವ ಮೊದಲು ಮಾಯವಾಗಬೇಕು. ಯಾರನ್ನೂ ಕೇಳಬಾರದು, ತಡ ಮಾಡಬಾರದು, ಪಾತ್ರೆ ಎತ್ತಿ, ಅಂಚು ಹಿಡಿದು, ಒಂದೇ ಎಳೆತಕ್ಕೆ ತೆಗೆಯಬೇಕು. ಇದನ್ನು ಕ್ಯಾಪ್ಟನ್ ಹೊಸ ವೇಟರುಗಳಿಗೆ ಗಿಣಿಪಾಠ ಮಾಡಿಸಿದ್ದ. ಅವರಲ್ಲಿ ನೇಪಾಳದ ಒಬ್ಬ ಬಹಳ ಶ್ರದ್ಧೆಯವನು. ಜೀಎಂ ಅರ್ಬಾಬರ ಜೊತೆ ಮಾತಾಡುತ್ತ ತಮ್ಮ ಟೋಗಾದ ಉಳಿಕೆ ಸೆರಗನ್ನು ಮೇಜಿನ ಮೇಲೆ ಹರಡಿದ್ದರು. ದಾಳಿಂಬೆ ರಸದ ಗ್ಲಾಸು ಅದರ ಮೇಲೆಯೇ ಮಗುಚಿತು. ಶ್ರದ್ಧಾವಂತ ಕಂಡ. ಓಡಿ ಬಂದ. ಗ್ಲಾಸು ಎತ್ತಿದ, ಅಂಚು ಹಿಡಿದ, ಪಾಠದಲ್ಲಿ ಇದ್ದ ಹಾಗೆಯೇ ಎಳೆದ.

ಟೋಗಾಕ್ಕೆ ಪಿನ್ನು ಇಲ್ಲ ಅಂದೆನಲ್ಲ. ಜೀಎಂ ಕುರ್ಚಿಯಿಂದ ಎದ್ದು, ಬುಗುರಿಯ ಹಾಗೆ ಒಂದು ಸುತ್ತು ತಿರುಗಿ ನಿಂತರು. ಬಟ್ಟೆ ವೇಟರನ ಕೈಯಲ್ಲಿ. ಇಡೀ ಸಭೆಯ ನಡುವೆ ನಮ್ಮ ಜೀಎಂ ಬನಿಯನ್ನು ಮತ್ತು ನೀಲಿ ಚೌಕುಳಿ ಲುಂಗಿಯಲ್ಲಿ, ಮಲ್ಪೆಯ ಬಂದರಿನಲ್ಲಿ ದೋಣಿಗೆ ಕಾಯುವವರ ಹಾಗೆ ನಿಂತಿದ್ದರು.

ಸಂಗೀತ ನಿಂತಿತು. ಅರ್ಬಾಬ್ ಎದ್ದು ಲುಂಗಿಯನ್ನೇ ದಿಟ್ಟಿಸಿ, ಮುಖ ಗಂಟಿಕ್ಕಿ, ಹಿಂದಿಯಲ್ಲಿ ಕೇಳಿದರು.

"ಇದನ್ನು ಕಟ್ಟಿದ್ದು ಯಾರು?"

ನಾನು ಕ್ಯಾಪ್ಟನ್ ಕಡೆ ಬೆರಳು ತೋರಿಸಿದೆ.

ಹೆದರಿ ತೋರಿಸಿದ ಅಂತ ಅಡುಗೆಯವರು ಇಂದಿಗೂ ಹೇಳುತ್ತಾರೆ. ಅಡುಗೆಯವರ ಮಾತು ನಂಬಬೇಡಿ, ಅವರು ಮೀನು ತಾಜಾ ಅಂತಲೂ ಹೇಳುತ್ತಾರೆ. ಮುಂದೆ ಆಗುವುದು ನನಗೆ ಮೊದಲೇ ಗೊತ್ತಿತ್ತು. ಕ್ಯಾಪ್ಟನ್ ನನ್ನನ್ನು ನೋಡಿದ ನೋಟದಲ್ಲಿ ಮಾತ್ರ ಹೆಂಡತಿ, ಮಗಳು, ಶಾಲೆ, ಅಲ್ ಕೂಜ್‌ನ ಮಂಚ ಎಲ್ಲವೂ ಇತ್ತು. ನಾನು ತೋರಿಸಿದ ಬೆರಳನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡೆ. ಏಸಿ ಜಾಸ್ತಿ ಇಟ್ಟಿದ್ದರು.

ಅರ್ಬಾಬ್ ಜೀಎಂ ಹತ್ತಿರ ಬಂದು, ಲುಂಗಿಯ ಗಂಟಿಗೆ ಬೆರಳು ಹಾಕಿ ಎಳೆದು ನೋಡಿದರು. ಜೀಎಂ ಕಣ್ಣು ಮುಚ್ಚಿಕೊಂಡರು. ಗಂಟು ಜಗ್ಗಲಿಲ್ಲ. ಅರ್ಬಾಬರ ಮುಖ ಬಿಚ್ಚಿತು. "ವಿಝಾರ್" ಅಂದರು ಕ್ಯಾಪ್ಟನ್ ಕಡೆ ನೋಡಿ. ನನ್ನ ಅಜ್ಜ ದೋಣಿಯಲ್ಲಿ ಇದನ್ನೇ ಉಡುತ್ತಿದ್ದ, ಈ ಚೌಕುಳಿ ನಿಮ್ಮ ಕಡೆಯ ಬಂದರುಗಳಿಂದಲೇ ಬರುತ್ತಿತ್ತು, ಈ ಗಂಟು ಕಂಡು ಎಷ್ಟು ವರ್ಷವಾಯಿತು ಅಂತ ಹೇಳಿ, ತಮ್ಮ ಕಂದೂರಾದ ಅಂಚನ್ನು ಮೀನಖಂಡದವರೆಗೆ ಎತ್ತಿ ತೋರಿಸಿದರು. ಒಳಗೆ ಅವರದ್ದೂ ಒಂದು ಇತ್ತು, ಬಿಳಿಯದು. ಆಮೇಲೆ ಜೀಎಂ ಕಡೆ ತಿರುಗಿದರು.

"ಇಷ್ಟು ಬಟ್ಟೆಯಲ್ಲಿ ನಿಂತದ್ದು ಇದೊಂದೇ. ಕಟ್ಟಿದವನಿಗೆ ಈ ಹಾಲ್ ಕೊಡು."

ಲುಂಗಿಯಲ್ಲಿ ನಿಂತವರು ಎದುರು ಮಾತಾಡುವುದು ಕಷ್ಟ. ಜೀಎಂ ತಲೆಯಾಡಿಸಿದರು.

ನಮ್ಮ ಕ್ಯಾಪ್ಟನ್ ಸತ್ಯವಂತ. ಇಂಥ ಹೊತ್ತಿನಲ್ಲೂ ಕಟ್ಟಿದ್ದು ನಾನಲ್ಲ ಅಂತ ಹೇಳಲು ಬಾಯಿ ತೆರೆದು ಮುಂದೆ ಹೆಜ್ಜೆ ಇಟ್ಟ. ನಾನು ಅವನ ಟೋಗಾದ ಸೆರಗಿನ ಮೇಲೆ ಕಾಲಿಟ್ಟು ನಿಂತೆ. ಎರಡು ಕಡೆ ನೋಡಿದ. ಮುಂದೆ ಹೋದರೆ ತನ್ನದೂ ಬಿಚ್ಚುತ್ತದೆ ಅಂತ ತಿಳಿದು, ಬಾಯಿ ಮುಚ್ಚಿ, "ಶುಕ್ರನ್" ಅಂತ ಅರಬಿಯಲ್ಲಿ ಉಪಕಾರ ಹೇಳಿದ.

ಲುಂಗಿ ಎಲ್ಲಿ ಹೋಯಿತು

ಮಾರನೇ ದಿನ ಜೀಎಂ ಅಪ್ಪಣೆಯಂತೆ ನನ್ನ ಲುಂಗಿ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಹೊಸ ಬ್ಯಾಂಕ್ವೆಟ್ ಮ್ಯಾನೇಜರ್ ಸಾಹೇಬರ ಹೆಸರಿಗೆ ಹೋಯಿತು. ಅದು ನನ್ನದು, ಕೊಡು ಅಂತ ಕೇಳಲಿಕ್ಕೆ ಹೋದೆ.

"ನಿಮ್ಮದು ಹೇಗೆ ಅಣ್ಣ? ಅರ್ಬಾಬರ ಎದುರು ನನ್ನ ಕಡೆ ಕೈ ತೋರಿಸಿದ್ದು ನೀವೇ ಅಲ್ವ?" ಅಂದ. ಮೊದಲ ಸಲ ಅವ ನನ್ನ ಮೇಲೆ ಗೆದ್ದದ್ದು. ನನಗೆ ಹೆಮ್ಮೆಯೇ ಆಯಿತು, ಆದರೆ ಲುಂಗಿ ಒಳ್ಳೆಯದಿತ್ತು.

ಕೆಲವು ತಿಂಗಳಲ್ಲಿ ಹೆಂಡತಿ ಮಗಳು ಬಂದರು. ಅವ ಅಲ್ ಕೂಜ್ ಬಿಟ್ಟು ಫ್ಲ್ಯಾಟ್ ಮಾಡಿದ. ಒಂದು ಶುಕ್ರವಾರ ಕೋರಿ ರೊಟ್ಟಿ ಊಟಕ್ಕೆ ಕರೆದರು. ಬೆಲ್ ಒತ್ತಿದೆ. ಮಗಳು ಬಾಗಿಲು ತೆರೆದು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಒಳಗೆ ತಿರುಗಿ ಇಂಗ್ಲಿಷಿನಲ್ಲಿ, ಪಪ್ಪಾ, ನಿನ್ನ ಕೆಳಗಿನ ಮಂಚದ ಅಂಕಲ್ ಬಂದಿದ್ದಾರೆ, ಅಂತ ಕೂಗಿದಳು. ಒಳಗಿನಿಂದ ಪಪ್ಪ ಓಡಿ ಬಂದ. ಪಪ್ಪಾ ಅಂತ ಕರೆದರೆ ಇನ್ನೂ ಅವ ನಡೆದು ಬರುತ್ತಿರಲಿಲ್ಲ, ಓಡಿಯೇ ಬರುತ್ತಿದ್ದ.

ಚಪ್ಪಲಿ ಬಿಚ್ಚುತ್ತ ಕೆಳಗೆ ನೋಡಿದೆ. ಹೊಸ್ತಿಲ ಬುಡದಲ್ಲಿ ನಾಲ್ಕು ಮಡಿಕೆ ಮಾಡಿ ಹಾಕಿದ ಕಾಲೊರಸು. ನೀಲಿ ಚೌಕುಳಿ.

"ಅದು ಕಪಾಟಿನಲ್ಲಿ ಕವರೊಳಗೆ ಸುಮ್ಮನೆ ಬಿದ್ದಿತ್ತು ಅಣ್ಣ" ಅಂದಳು ಅವನ ಹೆಂಡತಿ. "ಯಾರದ್ದೋ ಹಳೆ ಲುಂಗಿ. ಕೇಳಿದರೆ ಇವರು ಬಿಸಾಡಬೇಡ, ಬಿಸಾಡಬೇಡ ಅಂತಾರೆ. ಯಾವುದಕ್ಕಾದರೂ ಉಪಯೋಗ ಆಗಬೇಕಲ್ಲ."

ಅವಳ ಹಿಂದೆ ನಿಂತ ಕ್ಯಾಪ್ಟನ್ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವಳ ಫ್ಯಾಮಿಲಿ ವೀಸಾಕ್ಕೆ ಎರಡೂ ಕಾಲು ಚೆನ್ನಾಗಿ ಒರೆಸಿಕೊಂಡು ಊಟಕ್ಕೆ ಒಳಗೆ ಹೋದೆ.